ಲಿನಕ್ಸ್ ಪೊಟ್ಟಣದೊಳಗಿನ ಲೈಬ್ರರಿ: ಸ್ವಂತದ್ದೋ, ಹಂಚಿಕೊಂಡದ್ದೋ?

ಬೆಂಗಳೂರು: ಒಂದೇ ಗಣಕಯಂತ್ರ, ಒಂದೇ ಕನ್ನಡ ಫಾಂಟ್, ಒಂದೇ ಪದ. ಆದರೂ ‘ರ‍್ಯಾಂಕ್’ ಎಂಬ ಪದ ಒಂದು ತಂತ್ರಾಂಶದಲ್ಲಿ ಸರಿಯಾಗಿ ಮೂಡುತ್ತದೆ. ಮತ್ತೊಂದರಲ್ಲಿ ‘ಯಾ’ ಅಕ್ಷರದ ಮುಂದೆ ಅರ್ಕಾವೊತ್ತು ಬಂದು ಕೂರುತ್ತದೆ. ದೋಷ ಫಾಂಟಿನದ್ದೂ ಅಲ್ಲ, ಕೀಲಿಮಣೆಯದ್ದೂ ಅಲ್ಲ ಎಂದಾದರೆ ಅದರ ಮೂಲವನ್ನು ಇನ್ನೂ ಒಂದು ಹಂತ ಕೆಳಗೆ, ತಂತ್ರಾಂಶಗಳು ಬಳಸುವ ಲೈಬ್ರರಿಗಳಲ್ಲಿ ಹುಡುಕಬೇಕಾಗುತ್ತದೆ. ಲಿನಕ್ಸ್ ವಿತರಣೆಗಳನ್ನು ಸಿದ್ಧಪಡಿಸುವವರ ನಡುವೆ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿರುವ ಚರ್ಚೆಯೊಂದು ಇದೇ ವಿಷಯಕ್ಕೆ ಸಂಬಂಧಿಸಿದ್ದಾಗಿದೆ. ತಂತ್ರಾಂಶವೊಂದು ತನಗೆ ಬೇಕಾದ ಲೈಬ್ರರಿಯನ್ನು ತನ್ನ ಜೊತೆಗೇ ಕಟ್ಟಿಕೊಂಡು ಬರಬೇಕೇ, ಅಥವಾ ಗಣಕದಲ್ಲಿ ಎಲ್ಲರಿಗೂ ಸೇರಿ ಇರುವ ಒಂದೇ ಪ್ರತಿಯನ್ನು ಬಳಸಬೇಕೇ ಎಂಬುದು ಆ ಚರ್ಚೆ. ಅಕ್ಷರ ಮೂಡುವ ಬಗೆಯಷ್ಟೇ ಅಲ್ಲ, ಬಳಕೆದಾರರ ಸುರಕ್ಷತೆಯೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಲೈಬ್ರರಿ ಎಂದರೇನು?

ತಂತ್ರಾಂಶ ಬರೆಯುವವರು ಪ್ರತಿಯೊಂದನ್ನೂ ಮೊದಲಿನಿಂದ ಬರೆಯುವುದಿಲ್ಲ. ಚಿತ್ರವನ್ನು ಬಿಡಿಸುವುದು, ಕಡತವನ್ನು ಕುಗ್ಗಿಸುವುದು, ಮಾಹಿತಿಯನ್ನು ಗೂಢಲಿಪೀಕರಿಸುವುದು, ಅಕ್ಷರಗಳನ್ನು ಜೋಡಿಸುವುದು ಮುಂತಾದ ಕೆಲಸಗಳಿಗೆ ಬೇರೆಯವರು ಬರೆದಿಟ್ಟ ಸಿದ್ಧ ಸಂಕೇತಗಳಿವೆ. ಇಂತಹ ಸಂಕೇತಗಳ ಸಂಗ್ರಹವೇ ಲೈಬ್ರರಿ. ಕಡತ ಕುಗ್ಗಿಸುವ ‘ಝಡ್‌ಲಿಬ್’, ಗೂಢಲಿಪಿಯ ‘ಓಪನ್‌ಎಸ್‌ಎಸ್‌ಎಲ್’, ವೆಬ್‌ಪಿ ಚಿತ್ರಗಳನ್ನು ಓದುವ ‘ಲಿಬ್‌ವೆಬ್‌ಪಿ’, ಅಕ್ಷರ ಜೋಡಣೆಯ ‘ಹಾರ್ಫ್‌ಬಜ್’ ಇವೆಲ್ಲ ಇದಕ್ಕೆ ಉದಾಹರಣೆಗಳು.

ಡೆಬಿಯನ್, ಫೆಡೋರಾ, ಉಬುಂಟು ಮೊದಲಾದ ಲಿನಕ್ಸ್ ವಿತರಣೆಗಳಲ್ಲಿ ಇಂತಹ ಲೈಬ್ರರಿಗೆ ಪ್ರತ್ಯೇಕ ಪೊಟ್ಟಣ, ಅಂದರೆ ಪ್ಯಾಕೇಜ್ ಇರುತ್ತದೆ. ಗಣಕದಲ್ಲಿ ಅದರ ಒಂದು ಪ್ರತಿ ಸ್ಥಾಪಿತವಾಗಿರುತ್ತದೆ. ತಂತ್ರಾಂಶವನ್ನು ತೆರೆದಾಗ ‘ಡೈನಮಿಕ್ ಲಿಂಕರ್’ ಎಂಬ ಪುಟ್ಟ ಕಾರ್ಯಕ್ರಮವು ಆ ಪ್ರತಿಯನ್ನು ಹುಡುಕಿ ಜೋಡಿಸಿಕೊಡುತ್ತದೆ. ಹತ್ತು ತಂತ್ರಾಂಶಗಳು ಏಕಕಾಲಕ್ಕೆ ತೆರೆದಿದ್ದರೂ ಸ್ಮೃತಿಯಲ್ಲಿ ಲೈಬ್ರರಿಯ ಸಂಕೇತ ಒಂದೇ ಬಾರಿ ಇದ್ದರೆ ಸಾಕು. ಇದು ವ್ಯವಸ್ಥೆಯ ಲೈಬ್ರರಿ.

ಇದಕ್ಕೆ ಪ್ರತಿಯಾಗಿ, ಮೂಲ ತಯಾರಕರು ಲೈಬ್ರರಿಯ ಒಂದು ಪ್ರತಿಯನ್ನು ತಮ್ಮ ಮೂಲ ಸಂಕೇತದ ಕಡತಕೋಶದಲ್ಲೇ ಇರಿಸಿ, ತಂತ್ರಾಂಶದೊಂದಿಗೆ ಸೇರಿಸಿಯೇ ಬಿಡುಗಡೆ ಮಾಡುವುದುಂಟು. ಇದು ಜೊತೆಗಟ್ಟಿದ ಲೈಬ್ರರಿ. ಬುತ್ತಿ ಕಟ್ಟಿಕೊಂಡು ಹೊರಟ ಪ್ರಯಾಣಿಕನಂತೆ ಈ ತಂತ್ರಾಂಶ ದಾರಿಯಲ್ಲಿ ಯಾರನ್ನೂ ಏನನ್ನೂ ಕೇಳುವುದಿಲ್ಲ.

ನಗರವಾಸಿಗಳಿಗೆ ಪರಿಚಿತವಾದ ನೀರಿನ ಉದಾಹರಣೆಯಿಂದಲೂ ಇದನ್ನು ಅರ್ಥ ಮಾಡಿಕೊಳ್ಳಬಹುದು. ಜೆ.ಪಿ. ನಗರದ ಪುಟ್ಟೇನಹಳ್ಳಿಯಂತಹ ಬಡಾವಣೆಯಲ್ಲಿ ಕೊಳಾಯಿಯಲ್ಲಿ ಬರುವ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು ಬರುತ್ತದೆ. ಅಲ್ಲಿ ಒಮ್ಮೆ ಆದ ಸುಧಾರಣೆ ಎಲ್ಲ ಮನೆಗಳಿಗೂ ತಲುಪುತ್ತದೆ. ಅದೇ ಪ್ರತಿ ಅಪಾರ್ಟ್‌ಮೆಂಟಿನ ಕೊಳವೆಬಾವಿಯ ನೀರನ್ನು ಆಯಾ ಕಟ್ಟಡದವರೇ ಪರೀಕ್ಷಿಸಿಕೊಳ್ಳಬೇಕು. ಕೊಳಾಯಿ ನಿಂತ ದಿನ ಕೊಳವೆಬಾವಿಯೇ ಆಸರೆ ಎಂಬುದೂ ಅಷ್ಟೇ ನಿಜ.

2002ರ ಪಾಠ

ಜೊತೆಗಟ್ಟುವ ಪದ್ಧತಿಯ ಅಪಾಯವನ್ನು ಮೊದಲು ಎತ್ತಿ ತೋರಿಸಿದ ಘಟನೆಗಳಲ್ಲಿ ಝಡ್‌ಲಿಬ್ ಪ್ರಕರಣ ಪ್ರಮುಖವಾದುದು. 1995ರಲ್ಲಿ ಹೊರಬಂದ ಈ ಲೈಬ್ರರಿಯಲ್ಲಿ, ಒಮ್ಮೆ ಬಿಡುಗಡೆ ಮಾಡಿದ ಸ್ಮೃತಿಭಾಗವನ್ನು ಮತ್ತೊಮ್ಮೆ ಬಿಡುಗಡೆ ಮಾಡುವ ದೋಷವಿರುವುದು 2002ರ ಮಾರ್ಚ್‌ನಲ್ಲಿ ಬಹಿರಂಗವಾಯಿತು. 1.1.4ನೇ ಆವೃತ್ತಿಯಲ್ಲಿ ಪರಿಹಾರವೂ ಬಂತು. ವ್ಯವಸ್ಥೆಯ ಪ್ರತಿಯನ್ನು ಬಳಸುತ್ತಿದ್ದ ತಂತ್ರಾಂಶಗಳಿಗೆ ಒಂದೇ ಪೊಟ್ಟಣದ ನವೀಕರಣ ಸಾಕಾಯಿತು. ಆದರೆ ಝಡ್‌ಲಿಬ್ ಚಿಕ್ಕದು, ಉಚಿತ, ಸೇರಿಸಿಕೊಳ್ಳಲು ಸುಲಭ ಎಂಬ ಕಾರಣಕ್ಕೆ ಲಿನಕ್ಸ್ ಕರ್ನೆಲ್ ಸಹಿತ ಅನೇಕ ತಂತ್ರಾಂಶಗಳು ಅದರ ಸ್ವಂತ ಪ್ರತಿಗಳನ್ನು ಇಟ್ಟುಕೊಂಡಿದ್ದವು. ಯಾವ ಯಾವ ತಂತ್ರಾಂಶದೊಳಗೆ ಪ್ರತಿ ಅಡಗಿದೆ ಎಂದು ಹುಡುಕಿ, ಒಂದೊಂದನ್ನೇ ಸರಿಪಡಿಸುವ ಕೆಲಸ ವಿತರಣೆಗಳ ಪಾಲಿಗೆ ಬಂತು.

ಇಂತಹ ಅನುಭವಗಳ ಹಿನ್ನೆಲೆಯಲ್ಲಿ ಡೆಬಿಯನ್‌ನ ಸುರಕ್ಷತಾ ತಂಡವು ತಂತ್ರಾಂಶಗಳೊಳಗೆ ಹುದುಗಿರುವ ಪ್ರತಿಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಬಂದಿದೆ. ಡೆಬಿಯನ್‌ನ ನೀತಿ ಗ್ರಂಥವೂ, ಲೈಬ್ರರಿಯು ಈಗಾಗಲೇ ವಿತರಣೆಯಲ್ಲಿ ಲಭ್ಯವಿದ್ದರೆ ಜೊತೆಗಟ್ಟಿದ ಪ್ರತಿಯನ್ನು ಬಳಸಬಾರದೆಂದು ಹೇಳುತ್ತದೆ. ಹಾಗೆ ಬಳಸುವುದಕ್ಕೆಂದೇ ರೂಪಿಸಿದ ಸಂಕೇತಕ್ಕೆ ಮಾತ್ರ ವಿನಾಯಿತಿ ಇದೆ.

ಎರಡು ದಶಕಗಳ ನಂತರವೂ ಇದೇ ಕಥೆ ಮರುಕಳಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿ ಲೈಬ್ರರಿಯಲ್ಲಿ ಗಂಭೀರ ದೋಷ ಪತ್ತೆಯಾಯಿತು. ದುರುದ್ದೇಶದಿಂದ ರಚಿಸಿದ ಒಂದು ಚಿತ್ರವನ್ನು ತೆರೆದರೆ ಸಾಕು, ದಾಳಿಕೋರರಿಗೆ ಗಣಕದ ಬಾಗಿಲು ತೆರೆದಂತಾಗುವ ಸಾಧ್ಯತೆ ಇತ್ತು. ಕ್ರೋಮ್, ಫೈರ್‌ಫಾಕ್ಸ್ ಎರಡೂ ಕೂಡಲೇ ನವೀಕರಣ ಹೊರತಂದವು. ಆದರೆ ಕ್ರೋಮಿಯಂನ್ನೇ ಆಧಾರವಾಗಿಟ್ಟುಕೊಂಡ ‘ಎಲೆಕ್ಟ್ರಾನ್’ ಚೌಕಟ್ಟಿನಲ್ಲಿ ತಯಾರಾದ ಸಂದೇಶ, ಸಂಪಾದನೆ, ಸಭೆಗಳ ತಂತ್ರಾಂಶಗಳು ಒಂದೊಂದೂ ತಮ್ಮದೇ ಪ್ರತಿಯನ್ನು ಹೊತ್ತುಕೊಂಡಿದ್ದವು. ವ್ಯವಸ್ಥೆಯ ಲಿಬ್‌ವೆಬ್‌ಪಿಯನ್ನು ನವೀಕರಿಸಿದ ಬಳಕೆದಾರನ ಗಣಕದಲ್ಲಿ ಇನ್ನೂ ಹಲವು ದೋಷಪೂರಿತ ಪ್ರತಿಗಳು ಉಳಿದಿರಲು ಸಾಧ್ಯವಿತ್ತು.

ಕನ್ನಡ ಅಕ್ಷರಗಳಿಗೂ ಇದಕ್ಕೂ ಏನು ನಂಟು?

ಕನ್ನಡವನ್ನು ಪರದೆಯ ಮೇಲೆ ಮೂಡಿಸುವುದು ರೋಮನ್ ಅಕ್ಷರಗಳನ್ನು ಸಾಲಾಗಿ ಜೋಡಿಸಿದಷ್ಟು ಸರಳವಲ್ಲ. ಒತ್ತಕ್ಷರ ಕೆಳಗಿಳಿಯಬೇಕು, ಗುಣಿತಾಕ್ಷರದ ಆಕಾರ ಬದಲಾಗಬೇಕು, ‘ಅರ್ಕ’ ಎಂಬಲ್ಲಿ ಮೊದಲು ಉಚ್ಚರಿಸುವ ರಕಾರವು ಅರ್ಕಾವೊತ್ತಾಗಿ ಕಕಾರದ ನಂತರ ಕೂರಬೇಕು. ಯೂನಿಕೋಡ್ ಸಂಕೇತಗಳ ಸರಣಿಯನ್ನು ಓದಿ, ಫಾಂಟಿನ ನಿಯಮಗಳನ್ನು ಅನ್ವಯಿಸಿ ಈ ಜೋಡಣೆಯನ್ನು ಮಾಡುವುದು ಅಕ್ಷರ ಜೋಡಣೆಯ ಲೈಬ್ರರಿಯ ಕೆಲಸ.

2000ದ ದಶಕದ ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಹಲವು ಯಜಮಾನರಿದ್ದರು. ನೋಮ್ ಪರಿಸರದ ತಂತ್ರಾಂಶಗಳಿಗೆ ‘ಪ್ಯಾಂಗೋ’, ಕೆಡಿಇ ತಂತ್ರಾಂಶಗಳಿಗೆ ‘ಕ್ಯೂಟಿ’, ಓಪನ್‌ಆಫೀಸ್‌ಗೆ ‘ಐಸಿಯು’ ಹೀಗೆ ಒಂದೊಂದಕ್ಕೆ ಒಂದೊಂದು ಜೋಡಣಾ ವ್ಯವಸ್ಥೆ. ಭಾರತೀಯ ಲಿಪಿಗಳ ನಿಯಮಗಳನ್ನು ಪ್ರತಿಯೊಂದೂ ತನ್ನದೇ ರೀತಿಯಲ್ಲಿ ಬರೆದುಕೊಂಡಿದ್ದ ಕಾರಣ, ಒಂದರಲ್ಲಿ ಸರಿಯಾದ ಒತ್ತಕ್ಷರ ಮತ್ತೊಂದರಲ್ಲಿ ಒಡೆದು ಕಾಣುತ್ತಿತ್ತು. ಒಂದು ಕಡೆ ದೋಷ ತಿದ್ದಿದರೆ ಉಳಿದ ಕಡೆ ಅದು ಹಾಗೆಯೇ ಉಳಿಯುತ್ತಿತ್ತು.

ಹಾರ್ಫ್‌ಬಜ್ ಈ ಪರಿಸ್ಥಿತಿಯನ್ನು ಬದಲಿಸಿತು. ಬೆಹದಾದ್ ಎಸ್ಫಹಬೋದ್ ಅವರು ಹೊಸದಾಗಿ ಬರೆದ ಈ ಲೈಬ್ರರಿಗೆ ಪ್ಯಾಂಗೋ 2012ರಲ್ಲಿ ಬದಲಾಯಿತು. ಐಸಿಯು ತನ್ನ ಜೋಡಣಾ ಭಾಗವನ್ನು 2016ರಲ್ಲಿ ಕೈಬಿಟ್ಟಿತು. ಲಿಬ್ರೆಆಫೀಸ್ 2017ರ 5.3ನೇ ಆವೃತ್ತಿಯಿಂದ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲೂ ಹಾರ್ಫ್‌ಬಜ್ ಅನ್ನೇ ಅವಲಂಬಿಸಿತು. ಫೈರ್‌ಫಾಕ್ಸ್, ಕ್ರೋಮ್, ಕ್ಯೂಟಿ, ಜಾವಾ ಎಲ್ಲವೂ ಇಂದು ಇದನ್ನೇ ಬಳಸುತ್ತವೆ.

ಎಲ್ಲರೂ ಒಂದೇ ಲೈಬ್ರರಿಯನ್ನು ಬಳಸುತ್ತಾರೆ ಎಂದಮಾತ್ರಕ್ಕೆ ಎಲ್ಲರೂ ಒಂದೇ ಪ್ರತಿಯನ್ನು ಬಳಸುತ್ತಾರೆ ಎಂದರ್ಥವಲ್ಲ. ಫೈರ್‌ಫಾಕ್ಸ್, ಕ್ರೋಮಿಯಂ, ಕ್ಯೂಟಿ, ಓಪನ್‌ಜೆಡಿಕೆಗಳ ಮೂಲ ಸಂಕೇತದೊಳಗೆ ಹಾರ್ಫ್‌ಬಜ್‌ನ ಪ್ರತ್ಯೇಕ ಪ್ರತಿಗಳಿವೆ. ಕ್ಯೂಟಿಯನ್ನು ಸಂಕಲಿಸುವಾಗ ವ್ಯವಸ್ಥೆಯ ಪ್ರತಿ ಬೇಕೋ, ಒಳಗಿನ ಪ್ರತಿ ಬೇಕೋ ಎಂಬ ಆಯ್ಕೆಯನ್ನೂ ನೀಡಲಾಗಿದೆ. ಪ್ರಮುಖ ವಿತರಣೆಗಳು ಸಾಮಾನ್ಯವಾಗಿ ವ್ಯವಸ್ಥೆಯ ಪ್ರತಿಯನ್ನು ಆರಿಸುತ್ತವೆ.

ಆರಂಭದಲ್ಲಿ ಹೇಳಿದ ‘ರ‍್ಯಾಂಕ್’ ಪದವನ್ನೇ ನೋಡಬಹುದು. ಇಲ್ಲಿ ಅರ್ಕಾವೊತ್ತು ಬಾರದೆ ಪೂರ್ಣ ರಕಾರಕ್ಕೆ ಯಕಾರದ ಒತ್ತು ಬರಬೇಕಾದರೆ, ಯೂನಿಕೋಡ್ ಪ್ರಕಾರ ರಕಾರ ಮತ್ತು ಹಲಂತ ಚಿಹ್ನೆಯ ನಡುವೆ ಕಣ್ಣಿಗೆ ಕಾಣದ ‘ಶೂನ್ಯ ಅಗಲದ ಜೋಡಕ’ವೊಂದನ್ನು ಇಡಬೇಕು. ಆದರೆ ಹಳೆಯ ಕೆಲವು ಪಠ್ಯಗಳಲ್ಲಿ ಆ ಜೋಡಕವು ಹಲಂತದ ನಂತರ ಇರುತ್ತದೆ. ಕನ್ನಡ ಬಳಕೆದಾರರ ಈ ಸಮಸ್ಯೆ ದಾಖಲಾದ ಬಳಿಕ, ಕನ್ನಡ ಲಿಪಿಗೆಂದೇ ಹಾರ್ಫ್‌ಬಜ್‌ನಲ್ಲಿ ಕೆಲವು ಸಾಲುಗಳನ್ನು ಸೇರಿಸಲಾಯಿತು. ಎರಡೂ ಕ್ರಮಗಳಲ್ಲಿ ಬರೆದ ಪದ ಒಂದೇ ರೀತಿ ಕಾಣುವಂತಾಯಿತು. ಆ ಸಾಲುಗಳಿರುವ ಪ್ರತಿಯನ್ನು ಹೊಂದಿದ ತಂತ್ರಾಂಶದಲ್ಲಿ ಹಳೆಯ ಪಠ್ಯವೂ ಸರಿಯಾಗಿ ಕಾಣುತ್ತದೆ. ಅದಕ್ಕಿಂತ ಹಿಂದಿನ ಪ್ರತಿಯನ್ನು ಜೊತೆಗಟ್ಟಿಕೊಂಡು, ನವೀಕರಣವಿಲ್ಲದೆ ಉಳಿದ ತಂತ್ರಾಂಶದಲ್ಲಿ ಕಾಣುವುದಿಲ್ಲ. ಕೋಟ್ಯಂತರ ಬಳಕೆದಾರರಿರುವ ಭಾಷೆಗಳ ದೋಷ ಬೇಗ ಎಲ್ಲರ ಗಮನಕ್ಕೆ ಬರುತ್ತದೆ. ಗಣಕದಲ್ಲಿ ಕಡಿಮೆ ಬಳಕೆಯಾಗುವ ಭಾಷೆಗೆ ಒಮ್ಮೆ ದೊರೆತ ಪರಿಹಾರ ಎಲ್ಲ ತಂತ್ರಾಂಶಗಳಿಗೂ ತಲುಪುವುದು ಅತಿ ಮುಖ್ಯವಾಗುತ್ತದೆ.

ಫಾಂಟ್‌ಗಳ ವಿಷಯದಲ್ಲೂ ಇದೇ ತರ್ಕ ಅನ್ವಯಿಸುತ್ತದೆ. ಡೆಬಿಯನ್‌ನಲ್ಲಿ ‘ಗುಬ್ಬಿ’, ‘ನವಿಲು’, ‘ಲೋಹಿತ್ ಕನ್ನಡ’ ಫಾಂಟ್‌ಗಳಿಗೆ ಪ್ರತ್ಯೇಕ ಪೊಟ್ಟಣಗಳಿವೆ. ಫಾಂಟಿನ ಅಕ್ಷರವೊಂದನ್ನು ತಿದ್ದಿದರೆ ಅದು ಎಲ್ಲ ತಂತ್ರಾಂಶಗಳಿಗೂ ದೊರೆಯುತ್ತದೆ. ಕೇರಳದ ಶಾಲೆಗಳಿಗೆ ಅಲ್ಲಿನ ಸರ್ಕಾರಿ ಸಂಸ್ಥೆ ‘ಕೈಟ್’ ಉಬುಂಟು ಆಧಾರಿತ ಲಿನಕ್ಸ್ ವಿತರಣೆಯನ್ನು ಒದಗಿಸುತ್ತಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಸಿ-ಡ್ಯಾಕ್‌ನ ‘ಬಾಸ್’ ವಿತರಣೆಗೆ ಡೆಬಿಯನ್ ಆಧಾರ. ಮೂಲ ವಿತರಣೆಯಲ್ಲಿ ಆದ ತಿದ್ದುಪಡಿ ಹೀಗೆ ಕವಲು ವಿತರಣೆಗಳಿಗೂ ಹರಿಯುತ್ತದೆ.

ತಯಾರಕರ ವಾದವೇನು?

ಜೊತೆಗಟ್ಟುವವರ ಬಳಿಯೂ ಬಲವಾದ ಕಾರಣಗಳಿವೆ. ಮೊದಲನೆಯದು ಪರೀಕ್ಷೆ. ತಾವು ಪರೀಕ್ಷಿಸಿದ ಆವೃತ್ತಿಯೊಂದಿಗೇ ತಂತ್ರಾಂಶ ಓಡಬೇಕು, ಹತ್ತು ವಿತರಣೆಗಳ ಹತ್ತು ಆವೃತ್ತಿಗಳ ಜೊತೆ ಉಂಟಾಗುವ ತೊಂದರೆಗೆ ಉತ್ತರಿಸಲಾಗದು ಎಂಬುದು ಅವರ ನಿಲುವು. ಎರಡನೆಯದು ಹೊಂದಾಣಿಕೆ. ಒಂದು ತಂತ್ರಾಂಶಕ್ಕೆ ಲೈಬ್ರರಿಯ ಹಳೆಯ ಆವೃತ್ತಿಯೂ, ಇನ್ನೊಂದಕ್ಕೆ ಹೊಸದೂ ಬೇಕಾದಾಗ ಒಂದೇ ಪ್ರತಿಯಿಂದ ಇಬ್ಬರನ್ನೂ ತೃಪ್ತಿಪಡಿಸಲಾಗದು. ಮೂರನೆಯದು ಮಾರ್ಪಾಡು. ತಮ್ಮ ಅಗತ್ಯಕ್ಕೆ ಲೈಬ್ರರಿಯನ್ನು ತಿದ್ದಿಕೊಂಡಿದ್ದರೆ ಮೂಲ ಪ್ರತಿ ಅವರಿಗೆ ಸಾಲದು.

ಕಾಲದ ಅಂತರವೂ ಒಂದು ಅಂಶ. ಡೆಬಿಯನ್‌ನ ಸ್ಥಿರ ಆವೃತ್ತಿಯಲ್ಲಿ ಲೈಬ್ರರಿಯ ಆವೃತ್ತಿ ವರ್ಷಗಟ್ಟಲೆ ಬದಲಾಗುವುದಿಲ್ಲ. ಸುರಕ್ಷತೆಯ ತಿದ್ದುಪಡಿಗಳನ್ನು ಮಾತ್ರ ಹಳೆಯ ಆವೃತ್ತಿಗೇ ಹೊಲಿಯಲಾಗುತ್ತದೆ. ಅಕ್ಷರ ಜೋಡಣೆಯ ದೋಷ ಸುರಕ್ಷತೆಯ ದೋಷವಲ್ಲ. ಆದ್ದರಿಂದ ಹೊಸ ಹಾರ್ಫ್‌ಬಜ್ ಅನ್ನು ಜೊತೆಗಟ್ಟಿಕೊಂಡು ಬಂದ ಬ್ರೌಸರಿನಲ್ಲಿ ಕನ್ನಡ ಸರಿಯಾಗಿ ಕಂಡು, ವ್ಯವಸ್ಥೆಯ ಹಳೆಯ ಪ್ರತಿಯನ್ನು ಬಳಸುವ ಸಂಪಾದಕದಲ್ಲಿ ತಪ್ಪಾಗಿ ಕಾಣುವ ಸಂದರ್ಭವೂ ಬರಬಹುದು. ಹೀಗಾಗಿ ಲಾಭ ನಷ್ಟ ಎರಡೂ ಕಡೆಗಿವೆ.

ಇವೆಲ್ಲದರ ಸಂಘರ್ಷ ಕ್ರೋಮಿಯಂ ಪ್ರಕರಣದಲ್ಲಿ ಎದ್ದು ಕಂಡಿತು. ಬೇರೆಯವರ ಲೈಬ್ರರಿಗಳನ್ನು ತಂದು, ತಿದ್ದಿ, ಒಳಗೇ ಇಟ್ಟುಕೊಳ್ಳುವ ಅದರ ಪದ್ಧತಿಯನ್ನು ಫೆಡೋರಾದ ಟಾಮ್ ಕ್ಯಾಲವೇ 2009ರಲ್ಲಿ ವಿವರವಾಗಿ ಟೀಕಿಸಿದರು. ಜೊತೆಗಟ್ಟಿದ ಲೈಬ್ರರಿಗಳಿಗೆ ಅವಕಾಶವಿಲ್ಲವೆಂಬ ನಿಯಮದಿಂದಾಗಿ ಫೆಡೋರಾದ ಅಧಿಕೃತ ಭಂಡಾರಕ್ಕೆ ಕ್ರೋಮಿಯಂ ಬರಲಿಲ್ಲ. 2015ರ ಅಕ್ಟೋಬರ್‌ನಲ್ಲಿ ಫೆಡೋರಾ ನಿಯಮವನ್ನು ಸಡಿಲಿಸಿತು. ಮೂಲ ತಯಾರಕರು ವ್ಯವಸ್ಥೆಯ ಪ್ರತಿಗೆ ಅವಕಾಶ ನೀಡಿದ್ದರೆ ಅದನ್ನೇ ಬಳಸಬೇಕು. ಇಲ್ಲವಾದರೆ ಜೊತೆಗಟ್ಟಬಹುದು, ಆದರೆ ಯಾವ ಲೈಬ್ರರಿ ಒಳಗಿದೆ ಎಂದು ಪೊಟ್ಟಣದ ವಿವರದಲ್ಲಿ ನಮೂದಿಸಬೇಕು ಎಂಬುದು ಹೊಸ ನಿಯಮದ ಸಾರ. 2016ರಲ್ಲಿ ಕ್ರೋಮಿಯಂ ಫೆಡೋರಾದೊಳಗೆ ಬಂತು.

ಹಂಚಿಕೊಂಡದ್ದಕ್ಕೂ ಕಾವಲು ಬೇಕು

ವ್ಯವಸ್ಥೆಯ ಲೈಬ್ರರಿಯೇ ಸುರಕ್ಷಿತ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದನ್ನು ಎರಡು ಪ್ರಕರಣಗಳು ತೋರಿಸಿಕೊಟ್ಟಿವೆ. 2006ರಲ್ಲಿ ಡೆಬಿಯನ್ ತನ್ನ ಓಪನ್‌ಎಸ್‌ಎಸ್‌ಎಲ್ ಪೊಟ್ಟಣದಲ್ಲಿ ಮಾಡಿದ ಸಣ್ಣ ತಿದ್ದುಪಡಿಯಿಂದಾಗಿ, ಅದು ತಯಾರಿಸುತ್ತಿದ್ದ ರಹಸ್ಯ ಕೀಲಿಗಳು ಊಹಿಸಬಹುದಾದಷ್ಟು ದುರ್ಬಲವಾದವು. 2008ರ ಮೇ ತಿಂಗಳಲ್ಲಿ ಇದು ಬಹಿರಂಗವಾದಾಗ ಡೆಬಿಯನ್, ಉಬುಂಟು ಬಳಕೆದಾರರು ತಮ್ಮ ಕೀಲಿಗಳನ್ನು ಹೊಸದಾಗಿ ತಯಾರಿಸಿಕೊಳ್ಳಬೇಕಾಯಿತು.

ಎರಡನೆಯದು 2024ರ ‘ಎಕ್ಸ್‌ಝಡ್’ ಪ್ರಕರಣ. ಕಡತ ಕುಗ್ಗಿಸುವ ಈ ಯೋಜನೆಯನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ನೆರವಿಗೆ ಬಂದವರು ಕ್ರಮೇಣ ವಿಶ್ವಾಸ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು ಅಡಗಿಸಿದರು. ಓಪನ್‌ಎಸ್‌ಎಸ್‌ಎಚ್ ತಾನಾಗಿ ಈ ಲೈಬ್ರರಿಯನ್ನು ಬಳಸುವುದಿಲ್ಲ. ಕೆಲವು ವಿತರಣೆಗಳು ಅದನ್ನು ‘ಸಿಸ್ಟಮ್‌ಡಿ’ಯೊಂದಿಗೆ ಜೋಡಿಸಲು ಮಾಡಿದ ತಿದ್ದುಪಡಿಯ ಮೂಲಕ ಲೈಬ್ರರಿ ಒಳಬರುತ್ತಿತ್ತು. ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡ್ ವಿಳಂಬವಾಗುತ್ತಿದ್ದುದರ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಮಾರ್ಚ್ 29ರಂದು ಇದನ್ನು ಬಯಲಿಗೆಳೆದರು. ಅಷ್ಟರಲ್ಲಿ ಅದು ಡೆಬಿಯನ್‌ನ ಪರೀಕ್ಷಾ ಶಾಖೆಗಳಿಗೂ, ಫೆಡೋರಾದ ಪ್ರಾಯೋಗಿಕ ಆವೃತ್ತಿಗಳಿಗೂ ತಲುಪಿತ್ತು. ಡೆಬಿಯನ್‌ನ ಸ್ಥಿರ ಆವೃತ್ತಿಯನ್ನು ಮುಟ್ಟಿರಲಿಲ್ಲ.

ಹಂಚಿಕೊಂಡ ಆಸ್ತಿಯನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಈ ಪ್ರಕರಣ ಮುಂದಿಟ್ಟಿತು. ಪುಟ್ಟೇನಹಳ್ಳಿಯ ಕೆರೆಯನ್ನು ಉಳಿಸಲು ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ರಚಿಸಿಕೊಂಡು, ಮರುವರ್ಷ ಪಾಲಿಕೆಯೊಂದಿಗೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡದ್ದು ನಗರದ ಜನರಿಗೆ ತಿಳಿದಿದೆ. ಸಾವಿರಾರು ತಂತ್ರಾಂಶಗಳು ನೆಚ್ಚಿಕೊಂಡ ಅನೇಕ ಲೈಬ್ರರಿಗಳಿಗೆ ಅಷ್ಟು ಮಂದಿ ಕಾವಲುಗಾರರೂ ಇಲ್ಲ.

ಪೊಟ್ಟಣ ಕಟ್ಟುವವರ ಕ್ರಮ

ತಂತ್ರಾಂಶವನ್ನು ವಿತರಣೆಗೆ ಸೇರಿಸುವವರು ಸಾಮಾನ್ಯವಾಗಿ ಈ ಕೆಳಗಿನ ಕ್ರಮವನ್ನು ಅನುಸರಿಸುತ್ತಾರೆ.

* ಮೂಲ ಸಂಕೇತದಲ್ಲಿ ‘ಥರ್ಡ್ ಪಾರ್ಟಿ’, ‘ವೆಂಡರ್’, ‘ಎಕ್ಸ್‌ಟರ್ನಲ್’ ಮುಂತಾದ ಹೆಸರಿನ ಕಡತಕೋಶಗಳಿವೆಯೇ ಎಂದು ಹುಡುಕುವುದು.
* ಅಲ್ಲಿರುವ ಪ್ರತಿ ಲೈಬ್ರರಿಯ ಪರವಾನಗಿಯನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು.
* ವ್ಯವಸ್ಥೆಯ ಪ್ರತಿ ಲಭ್ಯವಿದ್ದರೆ, ಸಂಕಲನಕ್ಕೆ ಮುನ್ನ ಒಳಗಿನ ಪ್ರತಿಯನ್ನು ಅಳಿಸಿಹಾಕುವುದು. ಕಣ್ತಪ್ಪಿ ಅದು ಬಳಕೆಯಾಗದಿರಲು ಇದೇ ಖಚಿತ ಮಾರ್ಗ.
* ಒಳಗಿನ ಪ್ರತಿಯಲ್ಲಿ ತಯಾರಕರು ಮಾರ್ಪಾಡು ಮಾಡಿದ್ದರೆ, ಅದನ್ನು ಮೂಲ ಲೈಬ್ರರಿಗೆ ಸೇರಿಸುವಂತೆ ಎರಡೂ ಕಡೆಯವರನ್ನು ಕೋರುವುದು.
* ತಂತ್ರಾಂಶದ ಪರೀಕ್ಷೆಗಳನ್ನು ವ್ಯವಸ್ಥೆಯ ಪ್ರತಿಯೊಂದಿಗೆ ನಡೆಸುವುದು.
* ಬೇರ್ಪಡಿಸಲು ಸಾಧ್ಯವೇ ಇಲ್ಲದಿದ್ದರೆ, ಲೈಬ್ರರಿಯ ಹೆಸರು ಮತ್ತು ಆವೃತ್ತಿಯನ್ನು ದಾಖಲಿಸುವುದು.

ಗೋ, ರಸ್ಟ್ ಭಾಷೆಗಳಲ್ಲಿ ಬರೆದ ತಂತ್ರಾಂಶಗಳಿಗೆ ಈ ಕ್ರಮ ಪೂರ್ಣವಾಗಿ ಒಗ್ಗುವುದಿಲ್ಲ. ಅಲ್ಲಿ ಲೈಬ್ರರಿಗಳು ಸಾಮಾನ್ಯವಾಗಿ ಅಂತಿಮ ಕಡತದೊಳಗೇ ಬೆಸೆದುಹೋಗುತ್ತವೆ. ಡೆಬಿಯನ್ ಇವುಗಳ ಮೂಲ ಸಂಕೇತವನ್ನು ಪ್ರತ್ಯೇಕ ಪೊಟ್ಟಣಗಳಾಗಿ ಇಟ್ಟರೂ, ದೋಷ ತಿದ್ದಿದಾಗ ಅವಲಂಬಿತ ತಂತ್ರಾಂಶಗಳನ್ನೆಲ್ಲ ಮರುಸಂಕಲಿಸಬೇಕಾಗುತ್ತದೆ.

ಮಧ್ಯಮಮಾರ್ಗ

‘ಸ್ನ್ಯಾಪ್’, ‘ಫ್ಲಾಟ್‌ಪ್ಯಾಕ್’, ‘ಆಪ್‌ಇಮೇಜ್’ ಮಾದರಿಗಳು ಜೊತೆಗಟ್ಟುವ ಪದ್ಧತಿಗೆ ಮತ್ತೆ ಬಲ ನೀಡಿವೆ. ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲೇ ಬಂತು. ಫ್ಲಾಟ್‌ಪ್ಯಾಕ್ ನಡುವಿನ ದಾರಿ ಹಿಡಿದಿದೆ. ಬಹುಪಾಲು ಲೈಬ್ರರಿಗಳು ‘ರನ್‌ಟೈಮ್’ ಎಂಬ ಹಂಚಿಕೆಯ ತಳಹದಿಯಲ್ಲಿದ್ದು ಒಟ್ಟಿಗೆ ನವೀಕರಣಗೊಳ್ಳುತ್ತವೆ. ಉಳಿದವನ್ನು ಮಾತ್ರ ತಂತ್ರಾಂಶ ಜೊತೆಗೆ ತರುತ್ತದೆ. ಈ ಮಾದರಿಗಳು ತಂತ್ರಾಂಶವನ್ನು ಪ್ರತ್ಯೇಕ ಆವರಣದಲ್ಲಿ ಓಡಿಸಿ, ದೋಷದ ಹಾನಿಯನ್ನು ಸೀಮಿತಗೊಳಿಸಲೂ ಯತ್ನಿಸುತ್ತವೆ. ಆಪ್‌ಇಮೇಜ್‌ನಲ್ಲಿ ಮಾತ್ರ ಅಂತಹ ಆವರಣ ತಾನಾಗಿ ದೊರೆಯುವುದಿಲ್ಲ.

ತಂತ್ರಾಂಶದೊಳಗೆ ಏನೇನಿದೆ ಎಂಬ ಪಟ್ಟಿ ಇಂದು ಸರ್ಕಾರಗಳ ಆಸಕ್ತಿಯ ವಿಷಯವೂ ಆಗಿದೆ. ಭಾರತದ ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡ ‘ಸರ್ಟ್-ಇನ್’ 2024ರ ಅಕ್ಟೋಬರ್‌ನಲ್ಲಿ ಇಂತಹ ‘ಘಟಕಗಳ ಪಟ್ಟಿ’ಯ ಕುರಿತು ಮಾರ್ಗಸೂಚಿ ಪ್ರಕಟಿಸಿತು. ಪ್ರತಿ ಎಲ್ಲಿದೆ ಎಂಬುದು ತಿಳಿದಿದ್ದರೆ ಮಾತ್ರ ಅದನ್ನು ತಿದ್ದಲು ಸಾಧ್ಯ ಎಂಬ 2002ರ ಪಾಠವೇ ಇದರ ಹಿಂದಿರುವುದು.

ಬಳಕೆದಾರರು ಗಮನಿಸಬೇಕಾದದ್ದು

ಲಿನಕ್ಸ್ ಬಳಸುವವರು ಸಾಧ್ಯವಾದಷ್ಟೂ ತಮ್ಮ ವಿತರಣೆಯ ಭಂಡಾರದಿಂದಲೇ ತಂತ್ರಾಂಶ ಪಡೆಯುವುದು, ನವೀಕರಣಗಳನ್ನು ತಡಮಾಡದೆ ಸ್ಥಾಪಿಸುವುದು ಒಳಿತು. ಹೊರಗಿನಿಂದ ಇಳಿಸಿಕೊಂಡ ತಂತ್ರಾಂಶಗಳನ್ನು ವ್ಯವಸ್ಥೆಯ ನವೀಕರಣವು ಮುಟ್ಟುವುದಿಲ್ಲ. ಅವುಗಳನ್ನು ಪ್ರತ್ಯೇಕವಾಗಿ ನವೀಕರಿಸಬೇಕು. ಸ್ಥಾಪಿತ ತಂತ್ರಾಂಶ ಯಾವ ಹಂಚಿಕೆಯ ಲೈಬ್ರರಿಗಳನ್ನು ಬಳಸುತ್ತಿದೆ ಎಂಬುದನ್ನು ‘ಎಲ್‌ಡಿಡಿ’ ಆಜ್ಞೆಯಿಂದ ನೋಡಬಹುದು. ನಂಬಿಕೆಗೆ ಅರ್ಹವಲ್ಲದ ಕಡತಗಳ ಮೇಲೆ ಈ ಆಜ್ಞೆಯನ್ನು ಪ್ರಯೋಗಿಸಬಾರದು. ಬೇಕಾದ ಲೈಬ್ರರಿ ಪಟ್ಟಿಯಲ್ಲಿ ಕಾಣದಿದ್ದರೆ ಅದು ಒಳಗೇ ಬೆಸೆದಿರಬಹುದು.

ಕನ್ನಡ ಅಕ್ಷರ ಒಂದು ತಂತ್ರಾಂಶದಲ್ಲಿ ಮಾತ್ರ ತಪ್ಪಾಗಿ ಕಂಡರೆ, ಅದೇ ಪದವನ್ನು ಅದೇ ಫಾಂಟಿನಲ್ಲಿ ಮತ್ತೊಂದು ತಂತ್ರಾಂಶದಲ್ಲಿ ತೆರೆದು ನೋಡಬೇಕು. ಅಲ್ಲಿ ಸರಿಯಿದ್ದರೆ ದೋಷ ಫಾಂಟಿನದ್ದಾಗಿರುವ ಸಂಭವ ಕಡಿಮೆ. ಮೊದಲ ತಂತ್ರಾಂಶದ ತಯಾರಕರಿಗೆ, ಅವರು ಬಳಸಿದ ಹಾರ್ಫ್‌ಬಜ್ ಆವೃತ್ತಿಯ ಸಹಿತ ವರದಿ ಮಾಡುವುದು ಸೂಕ್ತ. ಎಲ್ಲ ಕಡೆಯೂ ತಪ್ಪಿದ್ದರೆ ಫಾಂಟ್ ಅಥವಾ ಲೈಬ್ರರಿಯನ್ನು ನೋಡಿಕೊಳ್ಳುವವರಿಗೆ ವರದಿ ಹೋಗಬೇಕು. ‘ರ‍್ಯಾಂಕ್’ನಂತಹ ಪದಗಳಿಗೆ ಹಾರ್ಫ್‌ಬಜ್‌ನಲ್ಲಿ ಪರಿಹಾರ ದೊರೆತದ್ದು ಇಂತಹ ವರದಿಯಿಂದಲೇ.